ಕರುಳಿನ ಬ್ಯಾಕ್ಟೀರಿಯಾ: ಜೀನ್ ಪಾಲೆಷ್ಟು, ಊಟದ ಪಾಲೆಷ್ಟು?

ನಮ್ಮ ಕರುಳಿನಲ್ಲಿ ಎಂಥ ಬ್ಯಾಕ್ಟೀರಿಯಾ ಇರಬೇಕು ಅನ್ನೋದನ್ನು ತೀರ್ಮಾನಿಸುವುದು ಅಪ್ಪ-ಅಮ್ಮನಿಂದ ಬಂದ ಜೀನೋ, ತಟ್ಟೆಗೆ ಬೀಳುವ ಊಟವೋ? ವಿಜ್ಞಾನಿಗಳ ಉತ್ತರ ಒಂದು ಕಡೆ ನಿಂತಿಲ್ಲ.

ಮೊದಲು ಹುಡುಕಿದ್ದು ಅವಳಿಗಳಲ್ಲಿ. ತದ್ರೂಪಿ ಅವಳಿಗಳ ಜೀನ್ ಹೆಚ್ಚುಕಡಿಮೆ ಒಂದೇ. ಜೀನ್‌ಗೆ ಹಿಡಿತವಿದ್ದರೆ ಅವರ ಬ್ಯಾಕ್ಟೀರಿಯಾ ಬೇರೆ ಅವಳಿಗಳದ್ದಕ್ಕಿಂತ ಜಾಸ್ತಿ ಹೋಲಬೇಕು, ಅಲ್ವಾ? 2009ರ ಅಮೆರಿಕದ ಅಧ್ಯಯನಕ್ಕೆ ಅಂಥ ವ್ಯತ್ಯಾಸ ಸಿಗಲಿಲ್ಲ. 2014ರಲ್ಲಿ ಬ್ರಿಟನ್ನಿನ 416 ಜೋಡಿ ಅವಳಿಗಳನ್ನು ನೋಡಿದವರಿಗೆ ಸಿಕ್ಕಿತು. 2018ರಲ್ಲಿ ಇಸ್ರೇಲ್‌ನವರು 1,046 ಜನರನ್ನು ಪರೀಕ್ಷಿಸಿ, ಊಟ-ಔಷಧಿಗಳದ್ದೇ ಮೇಲುಗೈ ಎಂದರು. ಅವರ ಲೆಕ್ಕದಲ್ಲಿ ಜನರ ಬ್ಯಾಕ್ಟೀರಿಯಾ ನಡುವಿನ ವ್ಯತ್ಯಾಸದಲ್ಲಿ ಜೀನ್ ಪಾಲು ಶೇ. 2ರಿಂದ 8.

ಈ ಎಳೆದಾಟದಲ್ಲೂ ಅಲುಗಾಡದೆ ನಿಂತದ್ದು ಹಾಲಿನ ವಿಷಯ. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಎಳೆಮಕ್ಕಳಲ್ಲಿ ಧಾರಾಳ. ಬೆಳೆದ ಮೇಲೆ ಬಹಳ ಜನರಲ್ಲಿ ತಗ್ಗುತ್ತದೆ. ಲ್ಯಾಕ್ಟೇಸ್ ಜೀನ್ ಪಕ್ಕದ ಡಿಎನ್‌ಎಯಲ್ಲಿ ಒಂದೇ ಅಕ್ಷರ ಬದಲಾಗಿರುವವರಲ್ಲಿ ಮಾತ್ರ ಕೊನೇತನಕ ಉಳಿಯುತ್ತದೆ. ಯುರೋಪಿನಲ್ಲಿ ಸಾಮಾನ್ಯವಾದ ಈ ಬದಲಾವಣೆ ಭಾರತದಲ್ಲೂ ಇದೆ. ವಾಯವ್ಯದ ಕಡೆ ಹೆಚ್ಚು, ನಮ್ಮ ದಕ್ಷಿಣದಲ್ಲಿ ಕಡಿಮೆ. ಲೋಟ ತುಂಬ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರು ಮೊಸರನ್ನ ನೆಮ್ಮದಿಯಾಗಿ ಉಣ್ಣುತ್ತಾರೆ. ಹೆಪ್ಪಿನ ಬ್ಯಾಕ್ಟೀರಿಯಾ ಅಷ್ಟರಲ್ಲಿ ಒಂದಿಷ್ಟು ಲ್ಯಾಕ್ಟೋಸ್ ಮುಗಿಸಿರುತ್ತವೆ.

ಕಿಣ್ವ ಕಡಿಮೆ ಇದ್ದವರು ಹಾಲು ಕುಡಿದರೆ ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗಿಳಿಯುತ್ತದೆ. ಅಲ್ಲಿನ ಬಿಫಿಡೋಬ್ಯಾಕ್ಟೀರಿಯಾಕ್ಕೆ ಅದೇ ಹಬ್ಬದೂಟ, ಅವು ಹೆಚ್ಚುತ್ತವೆ. ಹೀಗಾಗಿ ಈ ಜೀನ್ ಮತ್ತು ಬಿಫಿಡೋ ನಂಟು ಹಲವು ದೇಶಗಳಲ್ಲಿ ಕಂಡಿದೆ. 24 ತಂಡಗಳ 18,340 ಜನರನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯಲ್ಲೂ ಎದ್ದು ಕಂಡದ್ದು ಇದೇ. ಆದರೆ ನೆದರ್ಲ್ಯಾಂಡ್ಸ್‌ನ ಅಧ್ಯಯನವೊಂದು ಹಾಲಿನ ಪದಾರ್ಥ ತಿನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಈ ನಂಟು ಎಷ್ಟು ಬಲವಾಗಿದೆ ಅನ್ನೋದು ಅದನ್ನೇ ಅವಲಂಬಿಸಿತ್ತು. ಜೀನೋ ಊಟವೋ ಎಂದು ಎರಡು ಪಕ್ಷ ಕಟ್ಟಿಕೊಂಡು ಕೂತದ್ದೇ ಸುಮ್ನೆ ಅನ್ನಿಸುತ್ತದೆ.

ಆಮೇಲೆ ರಕ್ತದ ಗುಂಪಿನ ಜೀನ್ ಕೂಡ ಪಟ್ಟಿ ಸೇರಿತು. ಎ ಗುಂಪಿನ ಹಲವರ ಕರುಳಿನ ಲೋಳೆಯಲ್ಲಿ ಆ ಗುಂಪಿನದೇ ಸಕ್ಕರೆ ಇರುತ್ತದೆ. ಅದನ್ನು ತಿನ್ನಬಲ್ಲ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಅನುಕೂಲ.

2021ರಲ್ಲೇ ಕೀನ್ಯಾದ ಅಂಬೋಸೆಲಿಯಿಂದ ಇನ್ನೊಂದು ವರದಿ ಬಂತು. 585 ಬಬೂನ್ ಕೋತಿಗಳು, 14 ವರ್ಷ, 16 ಸಾವಿರಕ್ಕೂ ಹೆಚ್ಚು ಮಲದ ಮಾದರಿಗಳು. ಅಳೆದ ಬ್ಯಾಕ್ಟೀರಿಯಾ ಲಕ್ಷಣಗಳಲ್ಲಿ ಶೇ. 97ರಷ್ಟು ವಂಶವಾಹಿ ಪ್ರಭಾವ ತೋರಿದವು, ಆದರೆ ಆ ಪ್ರಭಾವದ ಪ್ರಮಾಣ ಸಣ್ಣದು. ತಿನ್ನಲು ತರಹೇವಾರಿ ಸಿಗದ ಒಣ ಕಾಲದಲ್ಲಿ ಅದು ಏರುತ್ತಿತ್ತು. ಮನುಷ್ಯರ ದೊಡ್ಡ ಅಧ್ಯಯನಗಳು ಬಹುಮಟ್ಟಿಗೆ ಒಬ್ಬರಿಂದ ಒಂದೇ ಸಲ ಮಾದರಿ ಪಡೆದಿವೆ, ಹಾಗಾಗಿ ಇಂಥ ಏರಿಳಿತ ಅವುಗಳ ಕಣ್ಣಿಗೆ ಬೀಳುವುದು ಕಷ್ಟ.