ನಾನು ತಂದ ಪಾರ್ಟಿನ ಸೀನಿಯರ್ ತಮ್ಮದು ಅಂತಾರೆ, ಏನ್ ಮಾಡ್ಲಿ?

ಪ್ರಶ್ನೆ: ಮೈಸೂರಲ್ಲಿ ಒಂದು ರಿಯಲ್ ಎಸ್ಟೇಟ್ ಆಫೀಸಲ್ಲಿ ಕೆಲ್ಸ ಮಾಡ್ತಿದೀನಿ. ನಾನು ಕರ್ಕೊಂಡು ಬಂದ ಪಾರ್ಟಿನ, ಅಂದ್ರೆ ಕೊಳ್ಳೋಕೆ ಬಂದೋರನ್ನ, ನಮ್ಮ ಸೀನಿಯರ್ ತಮ್ಮ ಲೆಕ್ಕಕ್ಕೆ ಹಾಕ್ಕೊಳ್ತಾರೆ, ಕಸ್ಟಮರ್ ಮುಂದೆನೇ "ನೀನು ಸುಮ್ನಿರೋ" ಅಂತ ಬಾಯಿ ಮುಚ್ಚಿಸ್ತಾರೆ. ಜಗಳ ಆಡಿದ್ರೆ ಕೆಲ್ಸ ಹೋಗುತ್ತೆ, ಸುಮ್ನಿದ್ರೆ ಕಮಿಷನ್ ಹೋಗುತ್ತೆ. ಏನ್ ಮಾಡ್ಲಿ?

ಉತ್ತರ: ನೀವು ಕೇಳಿರೋದ್ರಲ್ಲಿ ಎರಡು ವಿಷ್ಯ ಇದೆ, ಒಂದು ದುಡ್ಡಿಂದು ಇನ್ನೊಂದು ಮರ್ಯಾದೆದು. ಎರಡನ್ನೂ ಒಟ್ಟಿಗೆ ಎತ್ಕೊಂಡು ಬಾಸ್ ಹತ್ರ ಹೋದ್ರೆ "ಇಬ್ರಿಗೂ ಆಗ್ಬರಲ್ಲ ಬಿಡಿ" ಅಂತ ಅಲ್ಲಿಗೇ ಮುಗಿಸ್ಬಿಡ್ತಾರೆ. ಅದಕ್ಕೇ ದುಡ್ಡಿಂದು ಮೊದ್ಲು ನೋಡೋಣ, ಯಾಕಂದ್ರೆ ಈ ಲೈನಲ್ಲಿ ಹತ್ತಕ್ಕೆ ಎಂಟು ಜಗಳ ಶುರುವಾಗೋದೇ ಅಲ್ಲಿಂದ ಅನ್ನೋದು ನನ್ನ ನಂಬಿಕೆ.

ಸಂಬಳ ಕಮ್ಮಿ, ಇನ್ಸೆಂಟಿವ್ ಮೇಲೆನೇ ಜೀವನ. ಪಾರ್ಟಿ ಮೊದಲನೇ ಸಲ ಸೈಟು ನೋಡಿದ ದಿನದಿಂದ ರಿಜಿಸ್ಟ್ರೇಷನ್ ಆಗೋವರೆಗೂ ಇಸಿ (ಆಸ್ತಿ ಮೇಲೆ ಸಾಲ, ಋಣ ಇದ್ಯಾ ಅಂತ ತೋರಿಸೋ ಪತ್ರ) ತೆಗಿಸ್ಬೇಕು, ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಆನ್‌ಲೈನ್ ದಾಖಲೆ) ನೋಡ್ಬೇಕು, ಬ್ಯಾಂಕಿನ ಲೀಗಲ್ ಒಪಿನಿಯನ್ ಬರ್ಬೇಕು, ಎರಡು ಮೂರು ತಿಂಗ್ಳು ಹಾಗೇ ಹೋಗುತ್ತೆ, ಅಷ್ಟೊತ್ತಿಗೆ ಯಾರು ಫೋನ್ ಎತ್ತಿದ್ರು ಯಾರು ಬಿಸಿಲಲ್ಲಿ ಸೈಟು ತೋರಿಸಿದ್ರು ಅನ್ನೋದು ಎಲ್ರಿಗೂ ಮರ್ತು ಕೊನೇಲಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಪಾರ್ಟಿ ಪಕ್ಕ ನಿಂತಿರೋರೇ ಕೆಲ್ಸ ಮಾಡಿದೋರು ಅಂತಾಗುತ್ತೆ. 60 ಲಕ್ಷದ ಮನೆಗೆ ಒಂದು ಪರ್ಸೆಂಟ್ ಅಂದ್ರೂ 60 ಸಾವಿರ, ಅದರಲ್ಲಿ ಪಾರ್ಟಿ ತಂದೋರ ಪಾಲು ಮಾಲೀಕರನ್ನ ತಂದೋರ ಪಾಲು ಅಂತ ಬೇರೆ. ಆಷಾಢ ಬಂತು ಅಂದ್ರೆ ಇನ್ನೂ ಕಷ್ಟ, ಟೋಕನ್, ಅಂದ್ರೆ ಮೊದಲ ಅಡ್ವಾನ್ಸ್, ಕೊಡೋಕೂ ಜನ "ಶ್ರಾವಣ ಬರ್ಲಿ ನೋಡೋಣ" ಅಂತಾರೆ, ಕೈಯಲ್ಲಿ ಕಾಸಿಲ್ದೆ ಇರೋ ಆ ಒಂದು ತಿಂಗ್ಳು ಆಫೀಸಲ್ಲಿ ಎಂಥಾ ಒಳ್ಳೆಯವರ ಬಾಯೂ ಒರಟಾಗುತ್ತೆ.

ಹಾಗಾಗಿ ಯಾರ ಗುಣ ಸರಿ ಮಾಡೋಕೂ ಹೋಗ್ಬೇಡಿ, ಬರೆದಿಡೋ ಅಭ್ಯಾಸ ಮಾಡ್ಕೊಳ್ಳಿ. ಸೈಟ್ ವಿಸಿಟ್ ಮುಗಿದ ದಿನವೇ, ಗಾಡಿ ಸ್ಟ್ಯಾಂಡ್ ಹಾಕೋಕೆ ಮುಂಚೆನೇ ಅಂದ್ಕೊಳ್ಳಿ, ಆಫೀಸ್ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್: "ಅಣ್ಣಾ, ಇವತ್ತು ಬೆಳಿಗ್ಗೆ 11ಕ್ಕೆ ಬೋಗಾದಿ ಥರ್ಟಿ ಫಾರ್ಟಿ ಸೈಟು ನನ್ನ ಪಾರ್ಟಿಗೆ ತೋರಿಸ್ದೆ. ಮಾಲೀಕರ ಕಡೆ ನಿಮ್ದು, ಪಾರ್ಟಿ ಕಡೆ ನನ್ದು. ಅರ್ಧ ಅರ್ಧ ಅಂತ ಮಾತಾಡಿದ್ವಿ, ಸರಿ ತಾನೆ?" ಇಷ್ಟೇ ಸಾಕು. ಇದ್ರಲ್ಲಿ ದೂರಿಲ್ಲ, ಕೋಪ ಇಲ್ಲ, ಮರ್ಯಾದೆಯಾಗೇ ಇದೆ, ಆದ್ರೆ ತಾರೀಕು ಟೈಮು ಸಮೇತ ಉಳ್ಕೊಳುತ್ತೆ. ಅವ್ರು ಒಂದು ಹೆಬ್ಬೆಟ್ಟಿನ ಇಮೋಜಿ ಹಾಕಿದ್ರೂ ಒಪ್ಪಿದ ಹಾಗೆ, ಏನೂ ಹೇಳ್ದೆ ಇದ್ರೂ ನೀವು ಅವತ್ತೇ ಹೇಳಿದ್ರಿ ಅನ್ನೋದಂತೂ ಅಲ್ಲಿರುತ್ತೆ. ಇದರ ಜೊತೆ ಬಾಸ್ ಹತ್ರ ಒಂದೇ ಒಂದು ನಿಯಮ ಕೇಳಿ, ಪಾರ್ಟಿ ಯಾರದ್ದು ಅಂತ ಹೇಗೆ ತೀರ್ಮಾನ, ಮೊದ್ಲು ಫೋನ್ ಮಾತಾಡಿದೋರದ್ದಾ ಸೈಟು ತೋರಿಸಿದೋರದ್ದಾ, ಎಷ್ಟು ದಿನ ಅವರದ್ದೇ ಲೆಕ್ಕ. ನಿಮ್ಮ ಸೀನಿಯರ್ ಹೆಸರು ಎತ್ತಲೇಬೇಡಿ, ಎಲ್ರಿಗೂ ಅನ್ವಯ ಆಗೋ ಹಾಗೆ ಕೇಳಿ.

ಇನ್ನು ಮರ್ಯಾದೆ ವಿಷ್ಯ. ಕಸ್ಟಮರ್ ಮುಂದೆ ಅವ್ರು ಏನಂದ್ರೂ ಅಲ್ಲೇ ತಿರುಗಿಸಿ ಕೊಡ್ಬೇಡಿ. ಭಯಕ್ಕಲ್ಲ ಇದು. ಜೀವಮಾನದ ದುಡ್ಡು ಹಾಕೋಕೆ ಬಂದಿರೋ ಮನುಷ್ಯ, ಹೆಂಡ್ತಿ ಮಕ್ಕಳು ಅಪ್ಪ ಅಮ್ಮ ಎಲ್ರನ್ನೂ ಕರ್ಕೊಂಡು ಬಂದಿರ್ತಾರೆ, ನೀವಿಬ್ರೂ ಅವ್ರ ಮುಂದೆ ಕಿತ್ತಾಡಿದ್ರೆ ಇವ್ರ ಮಾತನ್ನ ಹೇಗಪ್ಪಾ ನಂಬೋದು ಅಂತ ಅವ್ರಿಗೆ ಅನ್ಸುತ್ತೆ, ವಾರದೊಳಗೆ ಮಾಲೀಕರ ನಂಬರ್ ಹುಡುಕ್ಕೊಂಡು ನೇರವಾಗಿ ಹೋಗ್ತಾರೆ, ಇಬ್ರಿಗೂ ಏನೂ ಸಿಗಲ್ಲ. "ಅಣ್ಣ ರೇಟ್ ವಿಷ್ಯ ಹೇಳ್ತಾರೆ ಸಾರ್, ಅಷ್ಟರಲ್ಲಿ ನಿಮಗೆ ಬೌಂಡರಿ ಕಲ್ಲು ತೋರಿಸ್ತೀನಿ ಬನ್ನಿ" ಅಂತ ಹೇಳಿ ಕೆಲ್ಸ ಮುಂದುವರ್ಸಿ. ಅವತ್ತು ಸಂಜೆನೇ, ಆಫೀಸ್ ಒಳಗಲ್ಲ, ಹೊರಗೆ ಟೀ ಕುಡಿಯೋವಾಗ ಒಬ್ರೇ ಇದ್ದಾಗ ಹೇಳಿ: "ಅಣ್ಣಾ, ನಾನು ತಪ್ಪು ಹೇಳಿದ್ರೆ ಆಮೇಲೆ ತಿದ್ದಿ, ಕಲಿತ್ಕೊತೀನಿ. ಪಾರ್ಟಿ ಮುಂದೆ ಹಾಗನ್ಬೇಡಿ, ಡೀಲಿಗೇ ಪೆಟ್ಟು ಬೀಳುತ್ತೆ." ನಿಮಗೆ ಬೇಜಾರಾಯ್ತು ಅಂದ್ರೆ ಕೇಳದೇ ಇರೋರೂ ಡೀಲಿಗೆ ಪೆಟ್ಟು ಅಂದ್ರೆ ಕಿವಿ ಕೊಡ್ತಾರೆ. ಎರಡ್ಮೂರು ಸಲ ಹೇಳಿದ್ರೂ ಬದಲಾಗ್ಲಿಲ್ವಾ, ಆಗ ಬಾಸ್ ಹತ್ರ ಹೋಗಿ, ಯಾವತ್ತು ಎಲ್ಲಿ ಯಾರ ಮುಂದೆ ಏನಂದ್ರು ಅಂತ ಬರೆದಿಟ್ಟಿದ್ದನ್ನ ಕೈಯಲ್ಲಿ ಹಿಡ್ಕೊಂಡು.

ಇಲ್ಲಿವರೆಗೂ ಹೇಳಿದ್ದು ಬರೀ ಒರಟು ಸ್ವಭಾವದ ಸಹೋದ್ಯೋಗಿಗೆ. ಅವ್ರು ಕಸ್ಟಮರ್‌ಗೆ ಸುಳ್ಳು ಹೇಳ್ತಿದ್ರೆ ಮಾತ್ರ ಹೊಂದ್ಕೊಂಡು ಹೋಗೋ ಪ್ರಶ್ನೆನೇ ಇಲ್ಲ. ನಮ್ಮೂರ ಸುತ್ತ ಸಾಮಾನ್ಯವಾಗಿ ಕೇಳೋದು, ಬರೀ ಡಿಸಿ (ಜಿಲ್ಲಾಧಿಕಾರಿ) ಕನ್ವರ್ಷನ್ ಆಗಿರೋ ಜಮೀನನ್ನ "ಮುಡಾ ಅಪ್ರೂವ್ಡ್" ಅನ್ನೋದು. ಮುಡಾ ಅಂದ್ರೆ ಲೇಔಟ್ ಮಂಜೂರು ಮಾಡ್ತಿದ್ದ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಈಗಿನ ಎಂಡಿಎ. ಕನ್ವರ್ಷನ್ ಅಂದ್ರೆ ವ್ಯವಸಾಯದ ಜಮೀನನ್ನ ಬೇರೆ ಉಪಯೋಗಕ್ಕೆ ಬದಲಾಯಿಸಿದ್ದು ಅಷ್ಟೇ, ಲೇಔಟ್ ಪ್ಲ್ಯಾನ್ ಮಂಜೂರಾತಿ ಬೇರೆನೇ. ರೇರಾ ಕಾಯ್ದೆ, ಅಂದ್ರೆ ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸೋ 2016ರ ಕಾಯ್ದೆ ಪ್ರಕಾರ ನೋಂದಣಿ ಆಗ್ಬೇಕಾದ ಪ್ರಾಜೆಕ್ಟ್‌ನಲ್ಲಿ ಸೈಟು ಫ್ಲ್ಯಾಟು ಮಾರಿಸಿಕೊಡೋ ಏಜೆಂಟೂ ನೋಂದಣಿ ಮಾಡಿಸ್ಬೇಕು, ಸುಳ್ಳು ಹೇಳಿ ಮಾರೋ ಹಾಗಿಲ್ಲ. ಮುರಿದ್ರೆ ದಿನಕ್ಕೆ 10 ಸಾವಿರದ ಹಾಗೆ ದಂಡ, ಆ ಆಸ್ತಿ ಬೆಲೆಯ 5 ಪರ್ಸೆಂಟ್‌ವರೆಗೂ ಹೋಗ್ಬೋದು. ಬಿಲ್ಡರು 10 ಪರ್ಸೆಂಟ್‌ಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಬೇಕಾದ್ರೆ ಮೊದ್ಲು ಅಗ್ರಿಮೆಂಟ್ ರಿಜಿಸ್ಟರ್ ಆಗಿರ್ಬೇಕು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸ್ ಕ್ಯಾಶಲ್ಲಿ ತಗೊಳೋದನ್ನ ಇನ್‌ಕಂ ಟ್ಯಾಕ್ಸ್ ಕಾನೂನು 2015ರಿಂದನೇ ತಡೆದಿದೆ. ಸೀನಿಯರ್ "ಟೋಕನ್ ಎರಡು ಲಕ್ಷ ನಿನ್ನ ಕೈಗೇ ಇಸ್ಕೊ, ರಸೀದಿ ಆಮೇಲೆ ನೋಡೋಣ" ಅಂದ್ರೆ ಆಗಲ್ಲ ಅನ್ನಿ, ಪಾರ್ಟಿಗೆ ಅಕೌಂಟ್‌ಗೆ ಹಾಕೋಕೆ ಹೇಳಿ. ನಾಳೆ ಆ ಸೈಟು ರೆವಿನ್ಯೂ ಸೈಟು, ಅಂದ್ರೆ ಲೇಔಟ್ ಮಂಜೂರಾತಿ ಇಲ್ಲದ ಸೈಟು, ಅಂತ ಗೊತ್ತಾದಾಗ ಪಾರ್ಟಿ ಮನೆ ಹುಡುಕ್ಕೊಂಡು ಬರೋದು ದುಡ್ಡು ಇಸ್ಕೊಂಡ ನಿಮ್ಮ ಹತ್ರನೇ.

ಹೆಣ್ಣುಮಕ್ಕಳೂ ಈಗ ಈ ಕೆಲ್ಸದಲ್ಲಿ ಜಾಸ್ತಿ ಇದಾರೆ, ಅವ್ರಿಗೆ ಒಂದು ಮಾತು. ಸಹೋದ್ಯೋಗಿ ಅಸಭ್ಯವಾಗಿ ನಡ್ಕೊಂಡ್ರೆ ಅದನ್ನ ಟೀ ಅಂಗಡಿ ಮಾತಲ್ಲಿ ಬಗೆಹರಿಸೋಕೆ ಹೋಗ್ಬೇಡಿ. ಕೆಲ್ಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಆಫೀಸಲ್ಲಿ ಆಂತರಿಕ ಸಮಿತಿ ಇರ್ಲೇಬೇಕು, ಸಣ್ಣ ಆಫೀಸಾದ್ರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡ್ಬೋದು, ಮೂರು ತಿಂಗಳೊಳಗೆ, ಬರಹದಲ್ಲಿ.

ಇಷ್ಟೆಲ್ಲಾ ಮಾಡಿದ್ಮೇಲೂ ಆಗ್ತಿಲ್ಲ ಅಂದ್ರೆ ಬೇರೆ ಆಫೀಸ್ ನೋಡ್ಕೊಳ್ಳೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಸಿಟ್ಟಲ್ಲಿ ಎದ್ದು ಬರ್ಬೇಡಿ, ಕಸ್ಟಮರ್ ಲಿಸ್ಟ್ ಕದ್ದು ತರ್ಬೇಡಿ. ಟೋಕನ್ ಆಗಿ ರಿಜಿಸ್ಟ್ರೇಷನ್ ಬಾಕಿ ಇರೋ ಫೈಲ್ ಯಾವ್ಯಾವುದು, ಒಂದೊಂದ್ರಲ್ಲೂ ನಿಮ್ಮ ಪಾಲು ಎಷ್ಟು ಅಂತ ಪಟ್ಟಿ ಮಾಡಿ ಬಾಸ್‌ಗೆ ಮೇಲ್ ಹಾಕಿ, ಒಪ್ಪಿಗೆ ಅಂತ ಉತ್ತರ ಬಂದ ಮೇಲೆ ರಾಜೀನಾಮೆ ಕೊಡಿ.