ಸ್ಟಿಕ್ಕರ್ ಇದೆ ಸರಿ, ಎರರ್ ಎಷ್ಟಿದೆ?

"ಕ್ಯಾಲಿಬ್ರೇಶನ್ ಆಗಿದೆ ಸಾರ್, ಸ್ಟಿಕ್ಕರ್ ಅಂಟಿಸಿದ್ದೇವೆ, ಸರ್ಟಿಫಿಕೇಟ್ ಫೈಲಲ್ಲಿದೆ." ಅಳತೆಯ ಉಪಕರಣಗಳ ಬಗ್ಗೆ ಕೇಳಿದರೆ, ಎಲ್ಲಿ ಹೋದರೂ ಇದೇ ಮಾತು. ಒಳಗಿನ ಅಂಕಿಗಳನ್ನು ಯಾರು ಓದಿದ್ದೀರಿ ಅಂತ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ.

ಕ್ಯಾಲಿಬ್ರೇಶನ್ ಅಂದರೆ ರಿಪೇರಿ ಅಲ್ಲ. ಉಪಕರಣ ಎಷ್ಟು ತಪ್ಪು ತೋರಿಸುತ್ತಿದೆ ಅಂತ ಅಳೆದು ಬರೆದುಕೊಡುವುದು, ಅಷ್ಟೇ. ಆ ತಪ್ಪು ನಿಮ್ಮ ಕೆಲಸಕ್ಕೆ ನಡೆಯುತ್ತದಾ ಅನ್ನುವುದನ್ನು, ನೀವು ಕೇಳದಿದ್ದರೆ, ಲ್ಯಾಬ್ ಹೇಳುವುದಿಲ್ಲ.

ಒಂದು ಕಡೆ ಓವನ್ ಥರ್ಮಾಮೀಟರ್ ನೋಡಿದೆ. ಬೇಕಿದ್ದದ್ದು ±1 ಡಿಗ್ರಿ, ಸರ್ಟಿಫಿಕೇಟಿನಲ್ಲಿದ್ದ ಎರರ್ 2.4. ಎಂಟು ತಿಂಗಳಿಂದ ಅದು ಫೈಲಿನಲ್ಲೇ ಇತ್ತು. ಅಲ್ಲಿನ ಹುಡುಗನ ಮುಖ ಸಪ್ಪಗಾಯಿತು. ಪಾಪ, ಆ ಅಂಕಿ ಓದಬೇಕಾದವನು ನೀನೇ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಓದುವವರೂ ಎಡವುವುದು ಅನ್‌ಸರ್ಟನಿಟಿಯಲ್ಲಿ, ಅಂದರೆ ಲ್ಯಾಬ್‌ನ ಅಳತೆಯೇ ಎಷ್ಟು ಆಚೀಚೆ ಇರಬಹುದು ಅನ್ನುವ ಅಂಕಿಯಲ್ಲಿ. 10 ಬಾರ್‌ನ, ಕ್ಲಾಸ್ 1ರ ಪ್ರೆಶರ್ ಗೇಜ್ ತಗೊಳ್ಳಿ. ಕ್ಲಾಸ್ 1 ಅಂದರೆ ಪೂರ್ಣ ಅಳತೆಯ ಶೇ 1ರಷ್ಟು ತಪ್ಪು ನಡೆಯುತ್ತದೆ, ಹಾಗಾಗಿ ಮಿತಿ ±0.1 ಬಾರ್. ಎರರ್ 0.08 ಬಂದಿದೆ, ಅನ್‌ಸರ್ಟನಿಟಿ ±0.04. "0.08 ಅಂದರೆ 0.1ರ ಒಳಗೇ ಇದೆ, ಪಾಸ್" ಅಂತ ಬರೆದುಬಿಡುತ್ತಾರೆ. ಆದರೆ ನಿಜವಾದ ಎರರ್ 0.04ರಿಂದ 0.12ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಅದೂ ಸುಮಾರು ಶೇ 95ರ ಭರವಸೆಯಲ್ಲಿ ಮಾತ್ರ. 0.12 ಮಿತಿಯ ಆಚೆಗಿದೆ, ಅಲ್ವಾ? ಹಾಗಂತ ಇದು ಫೇಲ್ ಅಂತಲೂ ಹೇಳಲಾಗದು. ಧೈರ್ಯವಾಗಿ ಪಾಸ್ ಅನ್ನಬೇಕಾದರೆ ಮಿತಿಯಿಂದ ಅನ್‌ಸರ್ಟನಿಟಿಯನ್ನು ಕಳೆದು, 0.06ರ ಒಳಗಿದೆಯಾ ನೋಡಬೇಕು. ಇದಕ್ಕೇ ಗಾರ್ಡ್ ಬ್ಯಾಂಡ್ ಅನ್ನುವುದು. ಎರರ್ ಸರಿಯಾಗಿ 0.1ಕ್ಕೇ ಬಂದು ಕೂತರೆ, ಪಾಸ್ ಅನ್ನುವ ನಿಮ್ಮ ತೀರ್ಮಾನ ತಪ್ಪಾಗುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ.

ಎಲ್ಲ ಕಡೆಗೂ ಇಷ್ಟು ಬಿಗಿ ಬೇಕು ಅಂತ ನಾನು ಹೇಳುತ್ತಿಲ್ಲ. ಪಂಪ್ ಓಡುತ್ತಿದೆಯಾ ಅಂತ ನೋಡಲು ಹಾಕಿರುವ ಗೇಜಿಗೆ ಸುಮ್ನೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಬೇಡ. ಸೇಫ್ಟಿ ವಾಲ್ವ್ ಪರೀಕ್ಷಿಸುವ ಗೇಜ್ ಆದರೆ ನಾನಂತೂ ಗಾರ್ಡ್ ಬ್ಯಾಂಡ್ ಬಿಡುವುದಿಲ್ಲ.

ಪಾಸ್, ಫೇಲ್ ಅಂತ ಲ್ಯಾಬ್‌ನವರೇ ಬರೆದುಕೊಡಬೇಕು ಅಂದರೆ, ಯಾವ ನಿಯಮದ ಮೇಲೆ ಅಂತ ಮೊದಲೇ ಮಾತಾಡಿಕೊಳ್ಳಿ. ಇಂಥ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ 2017ರ ಐಎಸ್‌ಒ/ಐಇಸಿ 17025 ಕೂಡ ಇದನ್ನೇ ಕೇಳುತ್ತದೆ. ಉಪಕರಣ ಕಳಿಸುವ ಚೀಟಿಯಲ್ಲೇ ನಿಮ್ಮ ಟಾಲರೆನ್ಸ್, ಅಂದರೆ ನಿಮಗೆ ನಡೆಯುವ ತಪ್ಪಿನ ಮಿತಿ, ಬರೆಯಿರಿ. ಅವರು ಅಡ್ಜಸ್ಟ್ ಮಾಡುವುದಿದ್ದರೆ, ಮಾಡುವ ಮೊದಲಿನ ರೀಡಿಂಗ್ ಕೂಡ ಕೊಡಲು ಹೇಳಿ. ಅದು ಇಲ್ಲದಿದ್ದರೆ ಕಳೆದ ವರ್ಷ ಅಳೆದದ್ದೆಲ್ಲ ಸರಿಯಿತ್ತಾ ಅಂತ ತಿಳಿಯಲು ದಾರಿಯೇ ಇರುವುದಿಲ್ಲ.