ಪಾಮರ್‌ಸ್ಟನ್ ಕಾಲದ ಬ್ರಿಟಿಷ್ ವಿದೇಶಾಂಗ ನೀತಿ: ಹಡಗು ಮುಟ್ಟುವಷ್ಟು ದೂರ

1830ರಿಂದ 1865ರವರೆಗಿನ ಬ್ರಿಟನ್ನಿನ ವಿದೇಶಾಂಗ ನೀತಿ ಎಂದರೆ ಬಹುಪಾಲು ಪಾಮರ್‌ಸ್ಟನ್. ಮೂರು ಸಲ ವಿದೇಶಾಂಗ ಸಚಿವ, ಎರಡು ಸಲ ಪ್ರಧಾನಿ. ನಮಗೆ ಶಾಶ್ವತ ಮಿತ್ರರಿಲ್ಲ, ಶಾಶ್ವತ ಶತ್ರುಗಳಿಲ್ಲ, ಶಾಶ್ವತವಾದದ್ದು ನಮ್ಮ ಹಿತ ಎಂಬರ್ಥದ ಅವನ ಮಾತು (ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ, 1848ರ ಮಾರ್ಚ್ 1) ಉತ್ತರಪತ್ರಿಕೆಗಳಲ್ಲಿ ತಪ್ಪದೆ ಬರುತ್ತದೆ. ಆ ಹಿತ ಯಾವುದು ಎನ್ನುವುದೇ ಬಿಟ್ಟುಹೋಗಿರುತ್ತದೆ, ಅಂಕವೂ ಅಲ್ಲೇ ಹೋಗುತ್ತದೆ.

ಮೊದಲನೆಯದು ಶಕ್ತಿ ಸಮತೋಲನ. ಯುರೋಪಿನಲ್ಲಿ ಯಾವ ರಾಜ್ಯವೂ ಮಿಕ್ಕವರ ಮೇಲೆ ಸವಾರಿ ಮಾಡುವಷ್ಟು ಬಲಿಯಬಾರದು. ಬೆಲ್ಜಿಯಂ ಫ್ರಾನ್ಸಿನ ಪಾಲಾಗದಿರಲೆಂದು 1839ರ ಲಂಡನ್ ಒಪ್ಪಂದದಲ್ಲಿ ಅದರ ತಾಟಸ್ಥ್ಯಕ್ಕೆ ಖಾತರಿ ಕೊಟ್ಟರು. ರಷ್ಯಾ ಮೆಡಿಟರೇನಿಯನ್‌ಗೆ ಇಳಿಯದಿರಲೆಂದು ಆಟೊಮನ್ (ತುರ್ಕಿ) ಸಾಮ್ರಾಜ್ಯಕ್ಕೆ ಊರುಗೋಲಾದರು. 1841ರ ಒಪ್ಪಂದ ಶಾಂತಿಕಾಲದಲ್ಲಿ, ಕಪ್ಪು ಸಮುದ್ರದಿಂದ ಮೆಡಿಟರೇನಿಯನ್ ಕಡೆಗೆ ದಾರಿಯಾದ ಡಾರ್ಡನೆಲ್ಸ್, ಬಾಸ್ಫರಸ್ ಜಲಸಂಧಿಗಳನ್ನು ವಿದೇಶಿ ಯುದ್ಧನೌಕೆಗಳಿಗೆ ಮುಚ್ಚಿತು. ಅದೂ ಸಾಲದೆ 1854ರಲ್ಲಿ ಕ್ರಿಮಿಯಾ ಯುದ್ಧಕ್ಕೇ ಇಳಿದರು. ಕಪ್ಪು ಸಮುದ್ರದಲ್ಲಿ ಯುದ್ಧನೌಕಾಪಡೆ ಇಡಬಾರದೆಂದು 1856ರ ಪ್ಯಾರಿಸ್ ಒಪ್ಪಂದ ರಷ್ಯಾದ ಕೈಕಟ್ಟಿತು. 1870ರಲ್ಲಿ ಫ್ರಾನ್ಸ್ ಜರ್ಮನ್ ರಾಜ್ಯವಾದ ಪ್ರಶ್ಯಾ ಜತೆ ಕಾದಾಡುತ್ತಿದ್ದ ಹೊತ್ತು ನೋಡಿ ರಷ್ಯಾ ಆ ಷರತ್ತನ್ನು ಕಿತ್ತೆಸೆಯಿತು. ಭಾರತದ ದಾರಿಯ ಚಿಂತೆಯೂ ಇದೇ ರಷ್ಯಾ ಭಯದ ಕವಲು. 1839ರ ಆಫ್ಘನ್ ಯುದ್ಧವನ್ನು ಇಲ್ಲೇ ಸೇರಿಸಿ.

ಎರಡನೆಯದು ವ್ಯಾಪಾರ. 1846ರಲ್ಲಿ ಆಮದು ಧಾನ್ಯಕ್ಕೆ ಸುಂಕ ಹೇರುತ್ತಿದ್ದ ಧಾನ್ಯ ಕಾನೂನು ರದ್ದು, 1860ರಲ್ಲಿ ಫ್ರಾನ್ಸ್ ಜತೆ ಸುಂಕ ಇಳಿಕೆಯ ಒಪ್ಪಂದ. ಇದನ್ನು ಮುಕ್ತ ವ್ಯಾಪಾರ ಎನ್ನುತ್ತೇವೆ, ಸರಿ. ಆದರೆ ಚೀನಾದ ಐದು ಬಂದರುಗಳನ್ನು 1842ರಲ್ಲಿ ತೆರೆಸಿದ್ದು ಬ್ರಿಟಿಷ್ ಹಡಗುಗಳ ತೋಪುಗಳು.

ಮೂರನೆಯದು ಸಂವಿಧಾನಬದ್ಧ ಸರ್ಕಾರಗಳ ಮೇಲಿನ ಒಲವು. ಇದು ಸುಳ್ಳಲ್ಲ, ಆದರೆ ಮೊದಲ ಎರಡರ ಮುಂದೆ ನಿಲ್ಲುವುದಿಲ್ಲ. 1849ರಲ್ಲಿ ರಷ್ಯಾದ ಸೇನೆ ಆಸ್ಟ್ರಿಯಾ ವಿರುದ್ಧ ಎದ್ದ ಹಂಗೇರಿಯ ದಂಗೆಯನ್ನು ತುಳಿದಾಗ ಪಾಮರ್‌ಸ್ಟನ್ ತಡೆಯಲಿಲ್ಲ. ಸಮತೋಲನಕ್ಕೆ ಆಸ್ಟ್ರಿಯಾ ಒಡೆಯದೆ ಉಳಿಯಬೇಕಿತ್ತು.

ಇನ್ನು ಈ ನೀತಿಯ ಕೈ ಎಷ್ಟು ದೂರ ಚಾಚುತ್ತಿತ್ತು ಎಂದು ಅಳೆಯಲು ಎರಡು ಪ್ರಸಂಗ. 1847ರಲ್ಲಿ ಅಥೆನ್ಸ್‌ನಲ್ಲಿ ಡಾನ್ ಪೆಸಿಫಿಕೊ ಎಂಬ ಯಹೂದಿ ವರ್ತಕನ ಮನೆಯನ್ನು ಗುಂಪೊಂದು ಲೂಟಿ ಮಾಡಿತು. ಜಿಬ್ರಾಲ್ಟರ್‌ನಲ್ಲಿ ಹುಟ್ಟಿದ್ದರಿಂದ ಅವನು ಬ್ರಿಟಿಷ್ ಪ್ರಜೆ. ಪರಿಹಾರ ಬರದಿದ್ದಾಗ 1850ರ ಜನವರಿಯಲ್ಲಿ ನೌಕಾಪಡೆ ಪಿರಾಯಸ್ ಬಂದರಿಗೆ ದಿಗ್ಬಂಧನ ಹಾಕಿತು. ಫ್ರಾನ್ಸ್ ಮುನಿದು ತನ್ನ ರಾಯಭಾರಿಯನ್ನು ಲಂಡನ್ನಿನಿಂದ ವಾಪಸು ಕರೆಸಿಕೊಂಡಿತು, ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಈ ನಡೆಯನ್ನು ಖಂಡಿಸಿತು. ಪ್ರಾಚೀನ ರೋಮನ್ ಪ್ರಜೆಗಿದ್ದ ರಕ್ಷಣೆ ಬ್ರಿಟಿಷ್ ಪ್ರಜೆಗೂ ಇರಬೇಕೆಂದು ಪಾಮರ್‌ಸ್ಟನ್ ನಾಲ್ಕು ಗಂಟೆಗೂ ಮಿಕ್ಕಿ ವಾದಿಸಿ, ಕಾಮನ್ಸ್‌ನಲ್ಲಿ 46 ಮತಗಳ ಅಂತರದಿಂದ ಗೆದ್ದ.

ಡೆನ್ಮಾರ್ಕ್ ವಿಷಯಕ್ಕೆ ಬಂದರೆ ಲೆಕ್ಕ ತಿರುಗಿತು. ಷ್ಲೆಸ್ವಿಗ್, ಹೋಲ್‌ಸ್ಟೈನ್ ಎಂಬ ಎರಡು ಪ್ರಾಂತ್ಯಗಳು ಡೆನ್ಮಾರ್ಕಿನ ದೊರೆಯ ಕೈಲಿದ್ದವು. ಡೆನ್ಮಾರ್ಕಿನ ಹಕ್ಕಿಗೆ ಕೈಹಾಕಿದವರು ಡೆನ್ಮಾರ್ಕ್ ಒಂದನ್ನೇ ಎದುರಿಸಬೇಕಾಗುವುದಿಲ್ಲ ಎಂದು 1863ರ ಜುಲೈನಲ್ಲಿ ಗದರಿಸಿದ್ದವನು ಇವನೇ. 1864ರ ಫೆಬ್ರುವರಿಯಲ್ಲಿ ಪ್ರಶ್ಯಾ, ಆಸ್ಟ್ರಿಯಾ ಸೇನೆಗಳು ನೆಲದ ಮೇಲಿಂದಲೇ ಷ್ಲೆಸ್ವಿಗ್‌ಗೆ ನುಗ್ಗಿದವು. ಅವನ್ನು ತಡೆಯುವಷ್ಟು ಭೂಸೇನೆ ಬ್ರಿಟನ್ನಿಗಿರಲಿಲ್ಲ, ಜತೆಗೆ ನಿಲ್ಲಲು ಫ್ರಾನ್ಸ್ ಬರಲಿಲ್ಲ. ಅಕ್ಟೋಬರ್ ಹೊತ್ತಿಗೆ ಡೆನ್ಮಾರ್ಕ್ ಷ್ಲೆಸ್ವಿಗ್, ಹೋಲ್‌ಸ್ಟೈನ್ ಎರಡನ್ನೂ ಬಿಟ್ಟುಕೊಟ್ಟು ಸಹಿ ಹಾಕಿತ್ತು.